ಮಂಕಿಟಾಪ್ ಕೌದಿ

ಮಲ್ಲೇಶ್ವರದಲ್ಲೋ ರಿಚರ್ಡ್ಸ್ ಟೌನಿನಲ್ಲೋ ಇನ್ನೂ ಬೀಳದೆ ಉಳಿದಿರುವ ಹಳೇ ಬಂಗಲೆಗಳಿಗೆ ಕಿಟಕಿ, ಪೋರ್ಟಿಕೊಗಳ ಮೇಲೆ ಮರದ ಪಟ್ಟಿಗಳ ಚೂಪು ಮಾಡು ಇರುತ್ತದೆ. ಮಂಕಿಟಾಪ್ ಅಂದರೆ ಅದೇ. ಪಟ್ಟಿಗಳು ನೆಟ್ಟಗೆ, ನಡುವೆ ಸಣ್ಣ ಸಂದು, ಮಧ್ಯಕ್ಕೆ ಹೋದಂತೆ ಎತ್ತರ. ಈ ಸಲದ ಕೌದಿಗೆ ಬೇಕಿದ್ದದ್ದು ಆ ಏರಿಕೆ ಮಾತ್ರ. ಬಂಗಲೆಯನ್ನೇ ಬಟ್ಟೆಯಲ್ಲಿ ಹೊಲಿದರೆ ಅದು ಕ್ಯಾಲೆಂಡರ್ ಆಗಿಬಿಡುತ್ತದೆ. ಹೊಲಿಯುವ ಕ್ರಮವೋ, ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರದ್ದು: ಒಂದು ಮೂಲೆಯಲ್ಲಿ ಸೂಜಿ ಹಾಕಿ, ಅಂಚು ಹಿಡಿದು ಸುತ್ತುತ್ತ, ತೇಪೆ ಸೇರಿಸುತ್ತ ನಡುವಿಗೆ ಬಂದು ಮುಗಿಸುವುದು. ನೆಟ್ಟಗಿನ ಪಟ್ಟಿಗೂ ಸುತ್ತುವ ಹೊಲಿಗೆಗೂ ಹೊಂದುವುದಿಲ್ಲ. ಭಾನುವಾರ ಬೆಳಿಗ್ಗೆ ಹಾಲಿನ ಸೋಫಾ ಗೋಡೆಗೆ ಸರಿಸಿ ಬಟ್ಟೆ ಹಾಸಿದ ಮೇಲೆ ಇಡೀ ದಿನ ತಿಂದದ್ದು ಇದೇ ಲೆಕ್ಕ.

ಅಳತೆ 60 ಇಂಚು ಅಗಲ, 88 ಇಂಚು ಉದ್ದ. ಒಬ್ಬರು ಹೊದೆಯಲು ಧಾರಾಳ. 5.5 ಮೀಟರಿನ, 45 ಇಂಚು ಪನ್ನದ ಹಳೇ ಹತ್ತಿ ಸೀರೆಯಿಂದ 61 ಇಂಚಿನ ಎರಡು ತುಂಡು ಕತ್ತರಿಸಿ, ಉದ್ದಂಚಿಗೆ ಉದ್ದಂಚು ಕೂಡಿಸಿದರೆ ಅಡಿ ಪದರ ಸಿದ್ಧ. ಉಳಿದದ್ದು, ಜೊತೆಗೆ ಸವೆದ ಪಂಚೆಗಳು ನಡುವಿನ ಎರಡು ಪದರಕ್ಕೆ. ನಡುಪದರಗಳ ಜೋಡಣೆಯನ್ನು ಒಂದರ ಮೇಲೊಂದು ಹತ್ತಿಸದೆ ಅಂಚಿಗೆ ಅಂಚು ತಾಗಿಸಿ ಇಡಬೇಕು, ಆ ಗೆರೆ ಅಡಿಯ ಜೋಡಣೆಯ ಮೇಲೆ ಬರಲೇಬಾರದು. ಬಂದರೆ ಅಲ್ಲಿ ಸೂಜಿ ನಿಲ್ಲುತ್ತದೆ. ನಡುಪದರಗಳನ್ನು ನಾಲ್ಕು ಕಡೆಯೂ ಅರ್ಧ ಇಂಚು ಕಡಿಮೆ ಕತ್ತರಿಸಿದರೆ ಅಂಚು ಮಡಚುವಾಗ ದಪ್ಪವಾಗುವುದಿಲ್ಲ. ಮೇಲಿನ ನೆಲಕ್ಕೆ ಚಂದ್ರಕಾಳಿ ಸೀರೆ. ಸಂದುಗಳಲ್ಲಿ ಕಾಣುವ ಕಪ್ಪು ಅದೇ. ನಡುವೆ ಪಾಲಿಯೆಸ್ಟರ್ ವ್ಯಾಡಿಂಗ್, ಅಂದರೆ ಉಬ್ಬು ತುಂಬುವ ಹಾಸು, ಹಾಕಿ ಎಂದು ಅಂಗಡಿಯವರು ಹೇಳುತ್ತಾರೆ. ಜನವರಿಯಲ್ಲೂ ರಾತ್ರಿ 15–16 ಡಿಗ್ರಿಗೆ ನಿಲ್ಲುವ ಊರಿಗೆ ನಾಲ್ಕು ಪದರ ಹತ್ತಿ ಸಾಕು. ವ್ಯಾಡಿಂಗ್ ಹಾಕಿದರೆ ಬೆವರು, ಮೇಲಾಗಿ ಹೊಲಿಗೆಯ ಗೆರೆ ಅದರೊಳಗೆ ಮುಳುಗಿಹೋಗುತ್ತದೆ.

ಟೈಲರ್ ಅಂಗಡಿಯ ಚಿಂದಿಯನ್ನು ನಂಬುವ ಮುನ್ನ ಒಂದೆರಡು ಎಳೆ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಹಗುರ ಬೂದಿ; ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಚಿಕ್ಕಪೇಟೆಯಲ್ಲಿ ಕೊಂಡ ಹೊಸ ಬಟ್ಟೆಯನ್ನು ತೊಳೆಯದೆ ಹಳೇ ಬಟ್ಟೆಯ ಜೊತೆ ಸೇರಿಸುವುದೂ ಬೇಡ. ಹಳೆಯದು ಕುಗ್ಗಿ ಮುಗಿದಿರುತ್ತದೆ, ಹೊಸ ಹತ್ತಿ ಇನ್ನೂ ನೂರಕ್ಕೆ 3ರಿಂದ 5ರಷ್ಟು ಕುಗ್ಗುತ್ತದೆ. ಮೊದಲ ಒಗೆತಕ್ಕೇ ಸುತ್ತ ಸುಕ್ಕು. ಕೆಂಪು ಬಟ್ಟೆಯನ್ನು ಒದ್ದೆ ಮಾಡಿ ಬಿಳಿ ಪಂಚೆಯ ಚೂರಿನ ಮೇಲಿಟ್ಟು ಇಸ್ತ್ರಿ ಒತ್ತಿದರೆ ಬಣ್ಣ ಬಿಡುತ್ತದೋ ಇಲ್ಲವೋ ಆಗಲೇ ಗೊತ್ತಾಗುತ್ತದೆ. ಬಿಟ್ಟರೆ ಅದನ್ನು ಪಕ್ಕಕ್ಕಿಡುವುದೇ ಸರಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುವುದನ್ನು ನೆಚ್ಚಿಕೊಳ್ಳಬೇಡಿ.

ಪಟ್ಟಿಗಳಿಗೆ ಇಳಕಲ್ ಸೀರೆಯ ಸೆರಗಿನ ಕೆಂಪು, ಒಡಲಿನ ಹಸಿರು, ಮಾಸಿದ ನೀಲಿ. 2.5 ಇಂಚು ಅಗಲಕ್ಕೆ ಕತ್ತರಿಸಿ ಎರಡೂ ಬದಿ ಕಾಲು ಇಂಚು ಮಡಚಿದರೆ 2 ಇಂಚು. ಅರ್ಧ ಇಂಚು ಸಂದು ಬಿಟ್ಟರೆ 60 ಇಂಚಿಗೆ 24 ಪಟ್ಟಿ. ಎರಡೂ ತುದಿಯಲ್ಲಿ 8 ಇಂಚು ಎತ್ತರ, ಅಲ್ಲಿಂದ ಒಂದೊಂದಕ್ಕೆ 3 ಇಂಚು ಏರಿಸಿದರೆ ನಡುವಿನವು 41. ತಲೆಯ ಕಡೆಯಿಂದ ಒಂದು ಸಾಲು, ಕಾಲಿನ ಕಡೆಯಿಂದ ಇನ್ನೊಂದು. ಎದುರುಬದುರು ತುದಿಗಳ ನಡುವೆ ಮಧ್ಯದಲ್ಲಿ 6 ಇಂಚು ಕಪ್ಪು ಉಳಿಯುತ್ತದೆ. ಬಣ್ಣ ಜೋಡಿಸಿ ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆದು ನೋಡುವುದು ಒಳ್ಳೆಯದು. ಕೆಂಪು, ಹಸಿರು ಎಷ್ಟೇ ಬೇರೆ ಅನ್ನಿಸಿದರೂ ಫೋಟೊದಲ್ಲಿ ಎರಡೂ ಒಂದೇ ಬೂದಿಯಾದರೆ, ಮಂದ ಬೆಳಕಿನ ಮಲಗುವ ಕೋಣೆಯಲ್ಲಿ ಏರಿಕೆ ಕಾಣುವುದೇ ಇಲ್ಲ. ಅಂಥ ಕಡೆ ನಡುವೊಂದು ಮಾಸಿದ ನೀಲಿ ತೂರಿಸಬೇಕು.

ಈಗ ಜಗಳದ ಜಾಗ. ತಲೆ, ಕಾಲಿನ ಕಡೆ ಹೊಲಿಗೆ ಪಟ್ಟಿಗಳನ್ನು ಅಡ್ಡಡ್ಡ ದಾಟುತ್ತದೆ; ಅಲ್ಲಿ ತಕರಾರಿಲ್ಲ, ಆ ಅಡ್ಡಗೆರೆಯೇ ಚೆಂದ. ಬದಿಗಳಲ್ಲಿ ಮಾತ್ರ ಹೊಲಿಗೆ ಪಟ್ಟಿಗೆ ಸಮಾನಾಂತರ. ಅರ್ಧ ಇಂಚಿಗೊಂದು ಸಾಲು, ಮೊದಲ ಪಟ್ಟಿ ಅಂಚಿನಿಂದ ಕಾಲು ಇಂಚಿಗೆ. ಮೊದಲ ಸಾಲನ್ನೂ ಕಾಲು ಇಂಚಿಗೇ ಹಾಕಿದರೆ ಅದು ಮಡಿಕೆಯ ಮೇಲೇ ಓಡುತ್ತದೆ. ಅಲ್ಲಿ ಸೂಜಿ ಬಾಗುತ್ತದೆ, ದಾರ ಸವೆಯುತ್ತದೆ. ಅದಕ್ಕೇ ಮೊದಲ ಸಾಲು ಅಂಚಿನಿಂದ 9 ಮಿಲಿಮೀಟರಿಗೆ, ಅಂದರೆ ಮಡಿಕೆಯಿಂದ 3 ಮಿಲಿಮೀಟರ್ ಒಳಗೆ. ಆಗ ಪಟ್ಟಿಯ ಮೇಲೆ ನಾಲ್ಕು ಸಾಲು, ಸಂದಿನಲ್ಲಿ ಒಂದು. ಮುಂದಿನ ಪಟ್ಟಿಗೂ ಲೆಕ್ಕ ಹಾಗೇ ಕೂಡುತ್ತದೆ. ಆದರೆ ಪಟ್ಟಿಯ ಇನ್ನೊಂದು ಮಡಿಕೆ ಕೊನೆಯ ಸಾಲಿನಿಂದ ಸುಮಾರು 10 ಮಿಲಿಮೀಟರ್ ಆಚೆ ತೆರೆದೇ ಉಳಿಯುತ್ತದೆ, ಕಾಲುಂಗುರ ಸಿಕ್ಕಿಕೊಳ್ಳುವಷ್ಟು. ಅದನ್ನು ಕಾಣದ ಹೆಮ್ಮಿಂಗ್‌ನಿಂದ ಹಿಡಿಯಲೇಬೇಕು. ಬೇಸರದ ಕೆಲಸ, ದಾಟಿಸುವಂತಿಲ್ಲ.

ಸುತ್ತು ಹೊಲಿಗೆಯ ದೊಡ್ಡ ಕಾಟವೆಂದರೆ ನಡು ಉಬ್ಬುವುದು. ಹೊರಗಿನ ಸುತ್ತುಗಳಲ್ಲಿ ದಾರ ಬಿಗಿಯಾದರೆ ಅಂಚು ಕುಗ್ಗುತ್ತದೆ, ಹೆಚ್ಚಾದ ಬಟ್ಟೆಯೆಲ್ಲ ಒಳಗೆ ಸರಿದು ಗುಡ್ಡೆ ಕಟ್ಟುತ್ತದೆ. ಆಮೇಲೆ ಎಷ್ಟು ಇಸ್ತ್ರಿ ತಿಕ್ಕಿದರೂ ಇಳಿಯದು. ಮೊದಲೇ 6 ಇಂಚಿಗೊಂದರಂತೆ ಉದ್ದ, ಅಡ್ಡ ಟಾಕಾ (ಆಮೇಲೆ ಬಿಚ್ಚುವ ಉದ್ದ ಹೊಲಿಗೆ) ಹಾಕಿಕೊಂಡರೆ ಅರ್ಧ ಕಾಟ ತಪ್ಪುತ್ತದೆ. ಪ್ರತಿ ಸಾಲಿನ ಕೊನೆಗೆ ದಾರವನ್ನು ಬೆರಳಿನಿಂದ ನೀವಿ, ಮೊಳಕ್ಕೆ ಒಂದು ಇಂಚಿನಷ್ಟು ಸಡಿಲ ಬಿಡಬೇಕು. ಇಂಚಿಗೆ ನಾಲ್ಕು ಹೊಲಿಗೆ ಸಾಕು. ಅಂಗುಸ್ತಾನ ನಡುಬೆರಳಿಗೆ.

ದಾರದ ಲೆಕ್ಕ ಹೊರಡುವ ಮುಂಚೆಯೇ ಹಾಕಿಕೊಳ್ಳಿ. ಒಂದು ಇಂಚಿನ ಅಂತರವಾದರೆ 60ನ್ನು 88ರಿಂದ ಗುಣಿಸಿದ 5280 ಇಂಚು, ಅಂದರೆ ಸುಮಾರು 134 ಮೀಟರ್. ಅರ್ಧ ಇಂಚಿಗೆ ಇಳಿಸಿದರೆ 268. ಬಟ್ಟೆಯೊಳಗೆ ಏರಿಳಿಯುವುದಕ್ಕೆ, ಗಂಟಿಗೆ, ಸಡಿಲಕ್ಕೆ ಐದನೇ ಒಂದು ಭಾಗ ಸೇರಿಸಿದರೆ 320 ಮೀಟರ್. ಎಲ್ಲವನ್ನೂ ಒಂದೇ ಲಾಟಿನಲ್ಲಿ ಕೊಳ್ಳಬೇಕು. ಎರಡನೇ ಲಾಟಿನ ಬಿಳಿ ಮೊದಲಿನ ಬಿಳಿಯಾಗಿರುವುದು ಅಪರೂಪ.

ಮೂಲೆಗಳಿಗೆ ಸಿದ್ದಿಯರು ಮಡಚಿದ ತ್ರಿಕೋನದ ಚೂರುಗಳನ್ನು ಒಂದರ ಮೇಲೊಂದು ಇಟ್ಟು ಫುಲಾ ಹೊಲಿಯುತ್ತಾರೆ, ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಇಲ್ಲಿಯೂ ನಾಲ್ಕು ಫುಲಾ ಬಂದವು, ಸೆರಗಿನ ಕೆಂಪಿನಲ್ಲಲ್ಲ, ಅಡಿಪದರದ ಮಾಸಲು ಬಣ್ಣದಲ್ಲಿ. ಮೂಲೆಯಲ್ಲಿ ಕೆಂಪು ಬಂದರೆ ಕಣ್ಣು ಅಲ್ಲೇ ನಿಂತುಬಿಡುತ್ತದೆ, ಪಟ್ಟಿಗಳನ್ನು ಹತ್ತುವುದಿಲ್ಲ.