ಮುರಕಲ್ಲಿನ ಬೆನ್ನು ಹತ್ತಿ: ಜಲವರ್ಣ ಸರಣಿ, ಹನ್ನೊಂದನೆಯ ಹಾಳೆಯವರೆಗೆ

ಕಾಸರಗೋಡಿನ ಮುರಕಲ್ಲನ್ನೇ, ಅಂದರೆ ಮನೆ ಕಟ್ಟುವ ಕೆಂಪುಕಲ್ಲನ್ನೇ, ವಿಷಯವಾಗಿಟ್ಟುಕೊಂಡು ಇಪ್ಪತ್ತು ಜಲವರ್ಣ ಚಿತ್ರಗಳನ್ನು ಬರೆಯಬೇಕೆಂದು ಹೊರಟವನು ಈಗ ಹನ್ನೊಂದರಲ್ಲಿ ನಿಂತಿದ್ದೇನೆ. ಲೆಕ್ಕಕ್ಕೆ ಹನ್ನೊಂದಾದರೂ ಹರಿದೆಸೆದ ಹಾಳೆಗಳನ್ನೂ ಸೇರಿಸಿದರೆ ಮೂವತ್ತು ದಾಟಬಹುದು. ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತನಾದ ನನಗೆ ಚಿತ್ರಕಲೆಯಲ್ಲಿ ಯಾವ ಶಿಕ್ಷಣವೂ ಆಗಿಲ್ಲ; ಕಪ್ಪುಹಲಗೆಯ ಮೇಲೆ ಕೈಯಿಂದಲೇ ವೃತ್ತ ಎಳೆಯುತ್ತಿದ್ದ ಅಭ್ಯಾಸವೊಂದೇ ಬಂಡವಾಳ. ನಾನು ಹಾಕಿಕೊಂಡ ನಿಯಮಗಳು ಎರಡು: ಪ್ರತಿ ಚಿತ್ರದಲ್ಲಿ ಮುರಕಲ್ಲು ಇರಬೇಕು, ಮತ್ತು ಸ್ಥಳಕ್ಕೆ ಹೋಗಿ ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಬೇಕು. ಎರಡನೆಯದನ್ನು ಒಮ್ಮೆ ಮುರಿದೆ. ಆ ಕಥೆ ಕೊನೆಗೆ ಬರುತ್ತದೆ.

ಕೆಂಪುಕಲ್ಲು ಎಂದು ಎಲ್ಲರೂ ಕರೆಯುವ ಕಲ್ಲಿಗೆ ಕೆಂಪು ಬಣ್ಣ ಬಳಿದರೆ ಸಾಕೆಂದು ನಾನು ತಿಳಿದಿದ್ದೆ. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು 1807ರಲ್ಲಿ ಕೊಟ್ಟವನು ಫ್ರಾನ್ಸಿಸ್ ಬುಕನನ್. ಮಲಬಾರಿನ ಅಂಗಾಡಿಪುರದಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ನೋಡಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದವನ್ನೇ ಆತ ಆಯ್ದುಕೊಂಡ. ಕಲ್ಲಿಗೆ ಬಣ್ಣ ಬಂದದ್ದು ಕಬ್ಬಿಣದ ಆಕ್ಸೈಡಿನಿಂದ. ನನ್ನ ಪೆಟ್ಟಿಗೆಯಲ್ಲಿರುವ ಲೈಟ್ ರೆಡ್, ಬರ್ನ್ಟ್ ಸಿಯೆನ್ನಾ ಬಣ್ಣಗಳ ಮೂಲವೂ ಅದೇ. ಅಂದ ಮೇಲೆ ಕಲ್ಲನ್ನು ಕಲ್ಲಿನದೇ ಬಣ್ಣದಿಂದ ಬರೆಯುವುದಕ್ಕಿಂತ ಸುಲಭದ ಕೆಲಸ ಯಾವುದಿದೆ ಎಂಬ ಧೈರ್ಯದಲ್ಲಿ ಮೊದಲ ಚಿತ್ರವಾಗಿ ನಮ್ಮ ತೋಟದ ಕಟ್ಟೆಯನ್ನು ಬರೆದೆ. ಮನೆಯವಳು ನೋಡಿ, "ಇದು ಯಾರ ಮನೆಯ ಹಂಚಿನ ಮಾಡು?" ಎಂದಳು. ಆ ಹಾಳೆ ಹನ್ನೊಂದರ ಲೆಕ್ಕದಲ್ಲಿಲ್ಲ.

ಆಮೇಲೆ ಹತ್ತಿರದ ಕಲ್ಲಿನ ಕೋರೆಗೆ ನಾಲ್ಕು ಬೆಳಗ್ಗೆ ಹೋಗಿ ಕುಳಿತೆ. ಯಂತ್ರದ ಗಾಲಿ ಆಗಷ್ಟೇ ಕಡಿದಿಟ್ಟ ಕಲ್ಲಿನಲ್ಲಿ ಕೆಂಪಿಗಿಂತ ಹಳದಿಯೇ ಹೆಚ್ಚು. ನಡುವೆ ಮಾಂಸದ ಬಣ್ಣದ ಮಚ್ಚೆಗಳು, ಗೆದ್ದಲು ಕೊರೆದಂತಹ ತೂತುಗಳು, ಆ ತೂತುಗಳ ಒಳಗೋಡೆಗೆ ತೆಳ್ಳಗೆ ಮೆತ್ತಿದ ಬಿಳಿ ಜೇಡಿ. ಅಗೆಯುವಾಗ ಮೆತ್ತಗಿರುವ ಈ ಕಲ್ಲು ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ, ಜತೆಗೆ ಬಣ್ಣವೂ ಕಂದುತ್ತದೆ. ಗಾರೆ ಕಾಣದ ಕಲ್ಲು ನಾಲ್ಕೈದು ಮಳೆಗಾಲ ಕಳೆದರೆ ಪಾಚಿ ಹಿಡಿದು ಕಪ್ಪಾಗುತ್ತದೆ. ಆದ್ದರಿಂದ ನಾನು ಬರೆಯಬೇಕಾದದ್ದು ಒಂದು ಬಣ್ಣವನ್ನಲ್ಲ, ಕಲ್ಲಿನ ವಯಸ್ಸನ್ನು ಎಂಬುದು ಎರಡನೆಯ ಮತ್ತು ಮೂರನೆಯ ಚಿತ್ರಗಳ ಹೊತ್ತಿಗೆ ತಕ್ಕಮಟ್ಟಿಗೆ ಅರ್ಥವಾಯಿತು.

ಬೇಕಲ ಕೋಟೆಯ ಮೂರು ಹಾಳೆಗಳು ಫೆಬ್ರವರಿಯಲ್ಲಿ ಮುಗಿದವು. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದನೆನ್ನುವ ಈ ಕೋಟೆಯ ಹೊರಗೋಡೆ ಸಮುದ್ರದ ಕಡೆಯಿಂದ ಅಪ್ಪಟ ಕಪ್ಪು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದಾಗ ಹುಟ್ಟುವ ಬೂದುಗಪ್ಪು, ಒಣಗುತ್ತಾ ಕಣಕಣವಾಗಿ ಬೇರ್ಪಟ್ಟು ಕಾಗದದ ಕುಳಿಗಳಲ್ಲಿ ತಂಗುತ್ತದೆ. ಗೋಡೆಯ ಮೈಗೆ ಬೇಕಾದ ಒರಟುತನ ಅದರಿಂದ ತಾನಾಗಿಯೇ ಬಂತು. ನನ್ನ ಜಾಣತನ ಅದರಲ್ಲಿ ಏನೂ ಇಲ್ಲ. ಮೂರರಲ್ಲಿ ಒಂದು ಚಿತ್ರ ಮಾತ್ರ ನನಗೆ ಒಪ್ಪಿಗೆಯಾಗಿದೆ. ಉಳಿದ ಎರಡರಲ್ಲಿ ವೀಕ್ಷಣಾ ಗೋಪುರ ವಾಲಿಕೊಂಡಿದೆ.

ಜೂನ್ ತಿಂಗಳು ನಷ್ಟದ ತಿಂಗಳು. ಒದ್ದೆ ಬಣ್ಣದ ಮೇಲೆ ಉಪ್ಪು ಉದುರಿಸಿದರೆ ಪ್ರತಿ ಹರಳಿನ ಸುತ್ತ ಬಣ್ಣ ಸರಿದು ತಿಳಿಯಾದ ಚುಕ್ಕಿ ಮೂಡುತ್ತದೆ. ಕಲ್ಲಿನ ತೂತುಗಳಿಗೆ ಇದು ಹೇಳಿ ಮಾಡಿಸಿದ ಉಪಾಯವೆಂದು ಬಗೆದು, ಮಳೆ ಹಿಡಿದ ಮೂರನೆಯ ದಿನ ಅಡುಗೆಮನೆಯ ಕಲ್ಲುಪ್ಪನ್ನೇ ಚೆಲ್ಲಿದೆ. ಸಂಜೆಯವರೆಗೂ ಹಾಳೆ ಒಣಗಲಿಲ್ಲ. ಮರುದಿನ ಉಪ್ಪನ್ನು ಕೊಡವಿದರೂ ಅದು ಬಿದ್ದಿದ್ದ ಜಾಗಗಳು ಗಾಳಿಯ ತೇವವನ್ನು ಹೀರಿಕೊಂಡು ಮತ್ತೆ ಮತ್ತೆ ಬೆವರುತ್ತಿದ್ದವು. ಇದು ಸಾಲದೆಂಬಂತೆ, ದೂರದ ಅಂಗಡಿಯೊಂದರಿಂದ ಒಟ್ಟಿಗೆ ತರಿಸಿಟ್ಟಿದ್ದ 300 ಜಿಎಸ್‌ಎಂ ದಪ್ಪದ ಕಾಗದದ ಕಟ್ಟಿನಲ್ಲಿ ಅರ್ಧಕ್ಕರ್ಧ ಬೂಸಲು ಹಿಡಿದು, ಬಣ್ಣ ತಾಗಿದ ಕಡೆಯಲ್ಲೆಲ್ಲ ಒತ್ತುಕಾಗದದಂತೆ ಹೀರತೊಡಗಿತು. ಈಗ ಕಾಗದವನ್ನು ಅಕ್ಕಿಡಬ್ಬದ ಪಕ್ಕದಲ್ಲಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಇಡುತ್ತಿದ್ದೇನೆ. ತೂತುಗಳಿಗೆ ಉಪ್ಪು ಬೇಕಿರಲಿಲ್ಲ. ಒರಟು ಕಾಗದದ ಮೇಲೆ ಅರೆ ಒಣಗಿದ ಕುಂಚವನ್ನು ಅಡ್ಡಲಾಗಿ ಎಳೆದರೆ ಅವು ತಾವಾಗಿಯೇ ಉಳಿಯುತ್ತವೆ.

ಏಳನೆಯ ಹಾಳೆ ಅನಂತಪುರದ ಸರೋವರ ದೇವಸ್ಥಾನ. ಇದು ಈ ಸರಣಿಗೆ ಮೊದಲೇ, 2021ರಲ್ಲಿ ಬರೆದದ್ದು. ಕೆರೆಯ ಸುತ್ತಲಿನ ಕಲ್ಲಿನಿಂದಾಗಿ ಒಳಗೆ ಸೇರಿಸಿಕೊಂಡೆ. ಅಂದು ಕೆರೆಯ ಮೂಲೆಯಲ್ಲಿ ಬಬಿಯಾ ಮೊಸಳೆ ನೀರಿನಿಂದ ಬೆನ್ನು ಮಾತ್ರ ಕಾಣುವಂತೆ ಮಲಗಿತ್ತು. ನಾನು ಥಾಲೋ ಹಸಿರಿಗೆ ಕಂದು ಬೆರೆಸಿ ಒಂದೇ ಗೀಟಿನಲ್ಲಿ ಅದನ್ನು ಬರೆದೆ. ಮನೆಗೆ ತಂದಾಗ ನೋಡಿದವರೆಲ್ಲರೂ ಕೆರೆಗೆ ತೆಂಗಿನ ಮಡಲು ಬಿದ್ದಿದೆಯೇ ಎಂದು ಕೇಳಿದ್ದರಿಂದ ಅಭಿಮಾನಭಂಗವಾಗಿ, ಒದ್ದೆ ಸ್ಪಂಜಿನಿಂದ ಉಜ್ಜಿ ಅಳಿಸಿದೆ. ಥಾಲೋ ಬಣ್ಣಗಳು ಕಾಗದದ ನಾರಿಗೇ ಕಚ್ಚಿಕೊಳ್ಳುವಂಥವು. ಕಂದು ಹೋಯಿತು, ಹಸಿರು ಹೋಗಲಿಲ್ಲ. 2022ರ ಅಕ್ಟೋಬರ್ 9ರಂದು ಬಬಿಯಾ ಸತ್ತಿತು. ನೈವೇದ್ಯದ ಅನ್ನ ತಿನ್ನುವ ಮೊಸಳೆಯೆಂದು ಪ್ರಸಿದ್ಧವಾಗಿದ್ದ ಅದರ ಅಂತಿಮ ದರ್ಶನಕ್ಕೆ ಸೇರಿದ್ದ ಜನರ ನಡುವೆ ನಾನೂ ಇದ್ದೆ. ಮನೆಗೆ ಬಂದು ಚಿತ್ರವನ್ನು ತೆಗೆದು ನೋಡಿದಾಗ, ನೀರಿನ ಮೂಲೆಯಲ್ಲಿ ಹೆಬ್ಬೆರಳಿನಷ್ಟುದ್ದದ ತಿಳಿಹಸಿರು ಕಲೆ ಹಾಗೆಯೇ ಇತ್ತು. ಮುಂದಿನ ವರ್ಷ ಆ ಕೆರೆಯಲ್ಲಿ ಮತ್ತೊಂದು ಮೊಸಳೆ ಕಾಣಿಸಿಕೊಂಡಿತು, ಅದನ್ನೂ ಬರೆದು ಸೇರಿಸಿ ಎಂದು ಕೆಲವರು ಸೂಚಿಸಿದರು. ಆ ಹಾಳೆಯನ್ನು ನಾನು ಮತ್ತೆ ಮುಟ್ಟುವುದಿಲ್ಲ.

ಎಂಟು ಮತ್ತು ಒಂಬತ್ತು ಪದವಿನ, ಅಂದರೆ ಮುರಕಲ್ಲಿನ ಬಯಲುಗುಡ್ಡದ, ಚಿತ್ರಗಳು. ಆಗಸ್ಟಿನಲ್ಲಿ ಕಪ್ಪು ಪಾರೆಯ ಮೇಲೆ ಒಂದಂಗುಲ ನೀರು ನಿಂತು, ಮಲಯಾಳದಲ್ಲಿ ಕಾಕ್ಕಪ್ಪೂ ಎನ್ನುವ ಸಣ್ಣ ನೀಲಿ ಹೂವು ನೆಲವೇ ಕಾಣದಂತೆ ಅರಳುತ್ತದೆ. ಓಣಂ ಹೂರಂಗವಲ್ಲಿಗೆ ಮಕ್ಕಳು ಅದನ್ನು ಕೊಯ್ಯುತ್ತಾರೆ. ಪಾರದರ್ಶಕ ಬಣ್ಣದಲ್ಲಿ ಕಪ್ಪಿನ ಮೇಲೆ ನೀಲಿ ಬರೆಯಲು ಬರುವುದಿಲ್ಲವಾದ್ದರಿಂದ, ಹೂವಿನ ಜಾಗಗಳನ್ನು, ಒಣಗಿದ ಮೇಲೆ ರಬ್ಬರಿನಂತೆ ಕಿತ್ತು ತೆಗೆಯುವ ಮಾಸ್ಕಿಂಗ್ ದ್ರವದಿಂದ ಮುಚ್ಚಿ ಬಂಡೆಯನ್ನು ಬರೆದೆ. ಮದುವೆಯೊಂದಕ್ಕೆ ಹೋಗಿ ಎರಡು ದಿನ ಬಿಟ್ಟು ಬಂದು ಕಿತ್ತರೆ ಕಾಗದದ ಸಿಪ್ಪೆಯೂ ಜತೆಗೆ ಬಂತು. ಒಂಬತ್ತನೆಯದರಲ್ಲಿ ಆ ತಪ್ಪು ಮಾಡಲಿಲ್ಲ. ಹತ್ತನೆಯದು ನಮ್ಮದೇ ಬಾವಿಕಟ್ಟೆ, ಅದರ ಬಗ್ಗೆ ಹೇಳುವಂಥದ್ದೇನಿಲ್ಲ.

ಹನ್ನೊಂದನೆಯದು ಬಾಯಾರು ಎಂಬ ಊರಿನ ಒಂದು ಸುರಂಗ. ಗುಡ್ಡದ ಪಕ್ಕೆಯನ್ನು ಅಡ್ಡಕ್ಕೆ ಕೊರೆದು, ನೀರು ತಾನಾಗಿ ಹೊರಗೆ ಹರಿದು ಬರುವಂತೆ ನೆಲಕ್ಕೆ ತುಸು ಇಳಿಜಾರು ಕೊಟ್ಟ ಈ ನೀರಿನ ಗುಹೆಗಳು ನಮ್ಮ ಕಡೆಯ ಅಡಿಕೆ ತೋಟಗಳ ಜೀವ. ಪಂಪು ಬೇಡ, ಕರೆಂಟು ಬೇಡ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟೇ ಎತ್ತರ. ಬೆನ್ನುನೋವಿನ ನೆಪ ಹೇಳಿ ನಾನು ಬಾಯಿಯ ಬಳಿಯೇ ಕುಳಿತು, ಒಳಗಿನದನ್ನು ಊಹಿಸಿ ಬರೆದೆ: ಕೆಂಪು ಗೋಡೆ, ಒಳಕ್ಕೆ ಹೋದಷ್ಟೂ ಗಾಢವಾಗುವ ಕೆಂಪು, ಕೊನೆಗೆ ಕತ್ತಲೆ. ಆ ಸುರಂಗವನ್ನು ಪ್ರಾಯದಲ್ಲಿ ತಾನೇ ಕೊರೆದ ಹಿರಿಯರೊಬ್ಬರು ತೋಟದಲ್ಲಿಯೇ ಇದ್ದರು. ಹಾಳೆಯನ್ನು ತೋಳಿನಷ್ಟು ದೂರ ಹಿಡಿದು ನೋಡಿ, "ಮಾಷ್ಟ್ರೇ, ಒಳಗೆ ಎಲ್ಲಿ ಉಂಟು ಕೆಂಪು?" ಎಂದರು. ಟಾರ್ಚು ಹಿಡಿದು ನನ್ನನ್ನು ಒಳಗೆ ಕರೆದುಕೊಂಡು ಹೋದರು. ಹತ್ತು ಹೆಜ್ಜೆಗೆ ಮುರ ಮುಗಿದು ಗೋಡೆ ಹಳದಿಯಾಯಿತು, ಆಮೇಲೆ ಸುಣ್ಣದಂಥ ಬಿಳಿ, ಬಿಳಿಯ ನಡುವೆ ನೇರಳೆ ಹಣ್ಣು ಜಜ್ಜಿದಂತಹ ಪಟ್ಟೆಗಳು. ಪಿಕ್ಕಾಸಿನ ಏಟಿನ ಗುರುತುಗಳು ಇನ್ನೂ ಹಸಿಯಾಗಿದ್ದಂತೆ ಕಾಣುತ್ತಿದ್ದವು. "ಈ ಬಿಳಿ ಸಿಕ್ಕಿದ ಮೇಲೆಯೇ ನಮಗೆ ನೀರಿನ ಆಸೆ" ಎಂದು ಅವರು ಗೋಡೆಯನ್ನು ಅಂಗೈಯಿಂದ ಸವರಿದರು.

ಎರಡನೆಯ ಸಲ ಅದೇ ಚಿತ್ರವನ್ನು ಯೆಲ್ಲೋ ಓಕರ್‌ನಿಂದ ಆರಂಭಿಸಿ, ಬಿಳಿ ಜೇಡಿಗೆ ಕಾಗದವನ್ನೇ ಖಾಲಿ ಬಿಟ್ಟು, ಪಟ್ಟೆಗಳನ್ನು ಒದ್ದೆಯಲ್ಲಿ ಹರಿಯಬಿಟ್ಟು ಬರೆದೆ. ಹನ್ನೊಂದೆಂದು ಎಣಿಸಿದ್ದು ಇದನ್ನೇ. ಕಳೆದ ಭಾನುವಾರ ಒಯ್ದು ತೋರಿಸಿದಾಗ ಅವರು ಗೋಡೆಯನ್ನು ಒಪ್ಪಿಕೊಂಡರು. ಆದರೆ ನೆಲದಲ್ಲಿ ಹರಿಯುವ ನೀರಿಗೆ ನಾನು ತೆಳುವಾಗಿ ಸಿಯೆನ್ನಾ ಹಾಕಿದ್ದೆ. ಅದರ ಮೇಲೆ ಬೆರಳಿಟ್ಟು, "ಇಂಥ ನೀರನ್ನು ನಾವು ಹಸುವಿಗೂ ಕೊಡುವುದಿಲ್ಲ" ಎಂದರು. ಮೂರನೆಯದಕ್ಕೆ ಕಾಗದವನ್ನು ನೆನೆಸಿ ಹಲಗೆಗೆ ಅಂಟಿಸಿದ್ದೇನೆ. ನೀರು ಹರಿಯುವ ಜಾಗಕ್ಕೆ ಪೆನ್ಸಿಲಿನ ಗೆರೆಯನ್ನೂ ಎಳೆದಿಲ್ಲ.