ಕೂರ್ತದಾ ಅಣ್ಣಾ?

"ಅಣ್ಣಾ, ಇದು ನನ್ನ ಪಿಕಪ್ಪಿಗೆ ಕೂರ್ತದಾ?"

ಪ್ರಶ್ನೆ ಇಷ್ಟೇ. ಜೊತೆಗೊಂದು ಫೋಟೋ. ಅದರಲ್ಲಿ ಕಪ್ಪು ಅಲಾಯ್ ವೀಲು, ಎದುರಿನಿಂದ ತೆಗೆದದ್ದು. ಯಾವ ಗಾಡಿ, ಯಾವ ವರ್ಷದ್ದು, ಹಿಂದೆ ಏನು ಹೇರ್ತೀರಿ, ಒಂದಕ್ಷರ ಇರುವುದಿಲ್ಲ. ಉಡುಪಿಯಲ್ಲಿ ಟಯರು, ಅಲೈನ್‌ಮೆಂಟು ಅಂತ ಅಂಗಡಿ ಇಟ್ಟುಕೊಂಡವನಿಗೆ ಇದು ದಿನಾ ಇದ್ದದ್ದೇ. ಅಂಗಡಿಯಲ್ಲಿ ಕೇಳಿದರೆ ಸರಿ. ಮದುವೆ ಊಟಕ್ಕೆ ಕೂತು ಸಾರನ್ನ ಕಲಸುವಾಗಲೂ ಮೊಬೈಲು ಮೂಗಿನ ಹತ್ತಿರ ಹಿಡಿಯುತ್ತಾರೆ. ಹಾಗಾಗಿ ಒಮ್ಮೆ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು.

ಎದುರಿನ ಫೋಟೋ ನೋಡಿ ಹೇಳಲು ಆಗುವುದಿಲ್ಲ ಮಾರಾಯ್ರೇ. ಎಷ್ಟು ತೂತು ಅಂತ ಎಣಿಸಬಹುದು, ಅಷ್ಟೇ. ಬೇಕಾದದ್ದೆಲ್ಲ ವೀಲಿನ ಬೆನ್ನಲ್ಲಿ ಇರುತ್ತದೆ. ಮಗುಚಿ ಹಾಕಿ, ಬ್ರೇಕಿನ ಧೂಳು ಒರೆಸಿ. 17×8ಜೆ (17 ಇಂಚು ಅಡ್ಡಳತೆ, 8 ಇಂಚು ಅಗಲ) ಅಂತಲೋ, ಇಟಿ 30 (ಇದು ಆಫ್‌ಸೆಟ್, ಮುಂದೆ ಹೇಳುತ್ತೇನೆ) ಅಂತಲೋ ಅಚ್ಚು ಹೊಡೆದಿರುತ್ತಾರೆ. ಎಷ್ಟು ಕೆಜಿ ತಡೆಯುತ್ತದೆ ಅಂತಲೂ ಇರಬೇಕು. ಆ ಫೋಟೋ ಕಳಿಸಿ. ಅಚ್ಚೇ ಇಲ್ಲದ ವೀಲಾದರೆ ಕಳಿಸುವುದೇ ಬೇಡ, ತೆಗೆದುಕೊಳ್ಳುವುದೂ ಬೇಡ.

ಇಷ್ಟು ಹೇಳಿದ ಕೂಡಲೇ ಒಂದು ವಾದ ಬರುತ್ತದೆ. "ಇದಕ್ಕೆ ಆರು ತೂತು ಉಂಟು, ನನ್ನದಕ್ಕೂ ಆರೇ. ಮತ್ತೆಂತ?"

ಮತ್ತೆಂತ ಅಂದರೆ, ಆರು ತೂತುಗಳ ನಡುಬಿಂದುವಿನಿಂದ ಒಂದು ವೃತ್ತ ಎಳೆದರೆ ಅದರ ಅಡ್ಡಳತೆ ಎಷ್ಟು ಅಂತ ನೋಡಬೇಕು. ಅದೇ ಪಿಸಿಡಿ. ಇಸುಜು ಡಿ-ಮ್ಯಾಕ್ಸ್ ಪಿಕಪ್ಪಿಗೆ 139.7 ಮಿ.ಮೀ., ಅಂದರೆ ಐದೂವರೆ ಇಂಚು. ಟೊಯೊಟಾ ಹೈಲಕ್ಸ್, ಫಾರ್ಚೂನರ್, ಫೋರ್ಡ್ ಎಂಡೆವರ್, ಪಜೆರೊ ಸ್ಪೋರ್ಟ್ ಎಲ್ಲಕ್ಕೂ ಅಷ್ಟೇ. ಆದರೆ ಅಮೆರಿಕದ ಫೋರ್ಡ್ ಎಫ್-150ಗೂ ಆರೇ ತೂತು, ಪಿಸಿಡಿ ಮಾತ್ರ 135. ದುಬೈಯಲ್ಲಿರುವ ಭಾವ "ಇಲ್ಲಿ ಚೀಪಲ್ಲಿ ಸಿಗ್ತದೆ" ಅಂತ ಕಂಟೇನರಿಗೆ ಹಾಕಲು ಹೊರಟದ್ದು ಅದೂ ಇರಬಹುದು. 4.7 ಮಿ.ಮೀ. ವ್ಯತ್ಯಾಸ ಫೋಟೋದಲ್ಲಿ ಯಾರಿಗೆ ಕಾಣುತ್ತದೆ? ಅಳೆಯುವುದು ಕಷ್ಟ ಇಲ್ಲ. ಆರು ತೂತಿನದಾದರೆ ಎದುರುಬದುರಿನ ಎರಡು ತೂತುಗಳ ನಡುವಿನಿಂದ ನಡುವಿಗೆ ಟೇಪು ಹಿಡಿಯಿರಿ, ಮುಗಿಯಿತು. ಐದು ತೂತಿನದ್ದಕ್ಕೆ ಎದುರಿಗೆ ತೂತು ಇರುವುದಿಲ್ಲ. ಅಕ್ಕಪಕ್ಕದ ಎರಡರ ನಡುವಿನ ದೂರ ಅಳೆದು 1.7ರಿಂದ ಗುಣಿಸಿ. ಜಿಪ್ಸಿ, ಜಿಮ್ನಿಯವರೂ ಇದೇ ಲೆಕ್ಕ ಮಾಡಬಹುದು. ನಿಮ್ಮದೂ 139.7ಏ, ತೂತು ಮಾತ್ರ ಐದು.

ಪಿಸಿಡಿ ಸರಿಯಾದ ಮೇಲೆ ನಡುವಿನ ದೊಡ್ಡ ತೂತು, ಸೆಂಟರ್ ಬೋರ್. ಇದನ್ನು ಯಾರೂ ಕೇಳುವುದಿಲ್ಲ. ಡಿ-ಮ್ಯಾಕ್ಸ್‌ನ ಹಬ್ಬು, ಅಂದರೆ ಆ ತೂತಿನೊಳಗೆ ಹೋಗುವ ಗಾಡಿಯ ಕಡೆಯ ಉಬ್ಬು, 100.1 ಮಿ.ಮೀ. ಹೈಲಕ್ಸ್, ಫಾರ್ಚೂನರ್‌ಗೆ 106.1. ಎಂಡೆವರ್‌ಗೆ 93.1. ಪಜೆರೊ ಸ್ಪೋರ್ಟ್‌ಗೆ 67.1. ಹಾಗಾಗಿ ಪಜೆರೊ ಸ್ಪೋರ್ಟ್‌ನಿಂದ ಇಳಿಸಿದ ವೀಲು ತಂದು ಡಿ-ಮ್ಯಾಕ್ಸ್‌ಗೆ ಹಾಕಿ ಅಂದರೆ ಅದು ಹಬ್ಬಿನ ಮೇಲೆ ಹೋಗುವುದೇ ಇಲ್ಲ. ಒಂದು ಲೆಕ್ಕದಲ್ಲಿ ಅದು ಒಳ್ಳೆಯದು. ಹೋಗದ ವೀಲು ಯಾರಿಗೂ ತೊಂದರೆ ಕೊಡುವುದಿಲ್ಲ. ತೊಂದರೆ ಇರುವುದು ಸಲೀಸಾಗಿ ಹೋಗುವ ವೀಲಿನಲ್ಲಿ.

ಕಾಪು ಕಡೆಯ ಒಬ್ಬ ಹುಡುಗ ಡಿ-ಮ್ಯಾಕ್ಸ್ ತಂದಿದ್ದ. ಎಂಬತ್ತು ದಾಟಿದರೆ ಸ್ಟೇರಿಂಗ್ ನಡುಗುತ್ತದೆ, ಬ್ಯಾಲೆನ್ಸಿಂಗ್ ಮಾಡಿ ಕೊಡಿ ಅಂದ. ವೀಲು ನೋಡಿದರೆ ಬೇರೆ ಒಂದು ದೊಡ್ಡ ಎಸ್‌ಯುವಿಯಿಂದ ಇಳಿಸಿದ್ದು, ನಡುತೂತು 106.1. ಒಳಗಡೆ ಅಂಟಿಸಿದ ಸೀಸದ ತುಂಡಿನ ಪಕ್ಕ ಇನ್ನೊಂದು ತುಂಡು, ಅದರ ಪಕ್ಕ ಮತ್ತೊಂದು. ನನ್ನ ಮೊದಲು ಯಾರ್ಯಾರೋ ಬ್ಯಾಲೆನ್ಸ್ ಮಾಡಿ ದುಡ್ಡು ತೆಗೆದುಕೊಂಡಿದ್ದರು. ನಾನೂ ಮಷಿನ್‌ಗೆ ಹಾಕಿದೆ. ಸೊನ್ನೆ ತೋರಿಸಿತು. ತೋರಿಸಲೇಬೇಕು. ಮಷಿನ್‌ನಲ್ಲಿ ವೀಲಿನ ನಡುತೂತಿಗೆ ಕೋನ್ ಹಾಕಿ ಬಿಗಿಯುತ್ತೇವೆ, ಅಲ್ಲಿ ಅದು ಯಾವಾಗಲೂ ನಟ್ಟನಡುವೆಯೇ ಕೂರುತ್ತದೆ. ಗಾಡಿಯಲ್ಲಿ ಕೋನ್ ಎಲ್ಲಿದೆ?

ಒಂದು ನಟ್ಟು ಬಿಚ್ಚಿದೆ. ನಟ್ಟಿನ ಮೂತಿ ಓರೆ. ವೀಲಿನ ತೂತು ಮಾತ್ರ ನೇರ, ಬುಡ ಚಪ್ಪಟೆ. ಅದಕ್ಕೆ ಬೇಕಾದದ್ದು ವಾಷರ್ ಇರುವ, ಕೆಳಗೆ ಉದ್ದ ಕತ್ತಿನ ನಟ್ಟು. ಓರೆ ನಟ್ಟು ಅಲ್ಲಿ ಪೂರ್ತಿ ಒತ್ತಿ ಕೂರುವುದಿಲ್ಲ. ತೂತಿನ ಬಾಯಿಯ ಅಂಚಿನಲ್ಲಿ ದಾರದಷ್ಟು ತೆಳ್ಳಗಿನ ಹೊಳೆಯುವ ಗೆರೆ ಕಂಡಿತು. ಇಡೀ ವೀಲಿನ ಹಿಡಿತ ಆ ಗೆರೆಯ ಮೇಲೆ. ಇನ್ನೆರಡು ನಟ್ಟು ಪಾನಾ ಇಟ್ಟು ಮೆಲ್ಲ ಒತ್ತಿದ್ದಕ್ಕೇ ತಿರುಗಿದವು. ಹಬ್ಬಿನ ಸುತ್ತ ಸಂದಿ, ಮೇಲೆ ಕಮ್ಮಿ, ಕೆಳಗೆ ಜಾಸ್ತಿ. ಸ್ಟಡ್ಡಿನ, ಅಂದರೆ ನಟ್ಟು ಹತ್ತುವ ಬೋಲ್ಟಿನ, ಹಲ್ಲು ಎರಡು ಗಾಡಿಗೂ ಒಂದೇ, 12 ಮಿ.ಮೀ. ದಪ್ಪ, ಹಲ್ಲಿನಿಂದ ಹಲ್ಲಿಗೆ 1.5 ಮಿ.ಮೀ., ಅದೇ ಪಿಚ್ಚು. ಹಾಗಾಗಿ ಯಾವ ನಟ್ಟು ಹಾಕಿದರೂ ತಿರುಗುತ್ತದೆ, ಬಿಗಿಯೂ ಆಗುತ್ತದೆ. ಜನ ಬೀಳುವುದು ಅಲ್ಲೇ.

"ಆರಕ್ಕೆ ಆರು ನಟ್ಟೂ ಕೂತದ್ದಲ್ವಾ ಅಣ್ಣಾ?" ಅಂದ.

ಕೂತದ್ದು ಹೌದು ತಮ್ಮ, ಪಡುಬಿದ್ರಿ ದಾಟುವಾಗ ವೀಲು ಕಳಚಿ ನಿನ್ನ ಮುಂದೆ ಓಡದೆ ಇದ್ದದ್ದು ನಿನ್ನ ಪುಣ್ಯ ಅಂದೆ. ಮದ್ದು ದೊಡ್ಡದಲ್ಲ. ಹೊರಗೆ 106.1, ಒಳಗೆ 100.1 ಇರುವ, ಸಂದಿ ತುಂಬುವ ಹಬ್ ರಿಂಗ್ ನಾಲ್ಕು, ಆ ವೀಲಿಗೆ ಸರಿಯಾದ ನಟ್ಟು ಒಂದು ಸೆಟ್ಟು. ಬಿಗಿ ಅಳೆಯುವ ಟಾರ್ಕ್ ರೆಂಚಿನಲ್ಲಿ ಬಿಗಿಯುವುದು, ಐವತ್ತು ನೂರು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡುವುದು. ಅವನು ಎಲ್ಲ ಕೇಳಿ ತಲೆಯಾಡಿಸಿ, "ನಟ್ಟು ಕಪ್ಪು ಬಣ್ಣದ್ದು ಉಂಟಾ?" ಅಂತ ಕೇಳಿದ.

ಕೂರುವುದು ಅನ್ನುವ ಮಾತೇ ನನಗೆ ಸಿಟ್ಟು ಬರಿಸುವುದು. ನಿಂತ ಗಾಡಿಗೆ ಸುಮಾರು ವೀಲು ಕೂರುತ್ತವೆ. ಸ್ಟೇರಿಂಗ್ ಎಡಕ್ಕೆ ಪೂರ್ತಿ ತಿರುಗಿಸಿ, ಬಲಕ್ಕೆ ಪೂರ್ತಿ ತಿರುಗಿಸಿ, ಹಿಂದೆ ಲೋಡು ಹಾಕಿ, ಹಂಪ್ ಮೇಲೆ ಓರೆಯಾಗಿ ಹತ್ತಿಸಿ. ಆಮೇಲೆ ಹೇಳಿ ಕೂತಿದೆಯಾ ಅಂತ. ಆಫ್‌ಸೆಟ್ ಗೊತ್ತಾಗುವುದು ಅಲ್ಲಿ. ವೀಲಿನ ಅಗಲದ ನಡುಗೆರೆಯಿಂದ, ಹಬ್ಬಿಗೆ ಒತ್ತುವ ಮುಖ ಎಷ್ಟು ಮಿ.ಮೀ. ಹೊರಬದಿಗೆ ಇದೆ ಅನ್ನುವುದೇ ಆಫ್‌ಸೆಟ್, ಅಚ್ಚಿನಲ್ಲಿ ಇಟಿ. ಅದು ಕಮ್ಮಿಯಾದಷ್ಟೂ ವೀಲು ಹೊರಗೆ ಬರುತ್ತದೆ. ಲೆಕ್ಕ ಸುಲಭ. ಈಗ ಇರುವುದು 7 ಇಂಚು ಅಗಲ, ಇಟಿ 33 ಅಂತಿಟ್ಟುಕೊಳ್ಳಿ. ನೀವು ಆಸೆಪಟ್ಟದ್ದು 9 ಇಂಚು, ಇಟಿ ಸೊನ್ನೆ. ಅಗಲ ಎರಡು ಇಂಚು ಜಾಸ್ತಿ, ಅದರಲ್ಲಿ ಅರ್ಧ ಹೊರಗೆ, 25 ಮಿ.ಮೀ. ಆಫ್‌ಸೆಟ್‌ನಿಂದ ಇನ್ನೂ 33. ಒಟ್ಟು 58 ಮಿ.ಮೀ. ಹೊರಗೆ ಬಂತು ವೀಲು, ಒಂದೊಂದು ಬದಿಯಲ್ಲೂ. ನೋಡಲು ಚಂದ, ಒಪ್ಪುತ್ತೇನೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವಿನಲ್ಲಿ ಅದು ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ಕನ್ನು ತಿನ್ನುತ್ತಾ ಹೋಗುತ್ತದೆ. ವೀಲ್ ಬೇರಿಂಗಿಗೆ ಜಾಸ್ತಿ ಭಾರ. ಮಳೆಗಾಲದಲ್ಲಿ ಹಿಂದೆ ಬರುವ ಸ್ಕೂಟರಿನವರಿಗೆ ಕೆಸರಿನ ಅಭಿಷೇಕ.

ಕೆಲವರಿಗೆ ಒಳ್ಳೆಯ ವೀಲು ಸಿಕ್ಕಿ ಆಫ್‌ಸೆಟ್ ಉಲ್ಟಾ ಆಗಿರುತ್ತದೆ. ಒಳಗೆ ತಾಗುತ್ತದೆ ಅಂತ ಹಬ್ಬಿಗೂ ವೀಲಿಗೂ ನಡುವೆ ತೆಳ್ಳಗಿನ ಸ್ಪೇಸರ್ ಬಿಲ್ಲೆ ಸಿಕ್ಕಿಸುತ್ತಾರೆ. ಆಗ ಸ್ಟಡ್ಡು ಅಷ್ಟು ಗಿಡ್ಡ ಆಗುತ್ತದೆ. 12 ಮಿ.ಮೀ. ಸ್ಟಡ್ಡಿನಲ್ಲಿ 1.5 ಪಿಚ್ಚಾದರೆ ನಟ್ಟು ಕಡಿಮೆಯೆಂದರೆ ಎಂಟು ಸುತ್ತು ಹೋಗಬೇಕು. ಕೈಯಲ್ಲಿ ತಿರುಗಿಸಿ ಎಣಿಸಿ. ಐದಕ್ಕೇ ನಿಂತರೆ ಸ್ಪೇಸರ್ ತೆಗೆದು ಮನೆಯಲ್ಲಿ ಪೇಪರ್ ಹಾರದ ಹಾಗೆ ಇಡಲು ಬಳಸಿ.

ಎತ್ತರದ್ದೂ ಒಂದು ಮಾತು. 245/70 ಆರ್16 ಟಯರಿನ ಎತ್ತರ 749 ಮಿ.ಮೀ. ಅದನ್ನು ತೆಗೆದು 265/60 ಆರ್18 ಹಾಕಿದರೆ 775. ಮೀಟರ್ 80 ತೋರಿಸುವಾಗ ನೀವು 83ರ ಹತ್ತಿರ ಓಡುತ್ತಿರುತ್ತೀರಿ. ಅದು ಸಹಿಸಬಹುದು. ಆದರೆ ಕಂಪನಿ ಆ ಮಾಡೆಲ್‌ಗೆ ಕೊಟ್ಟ ಅಳತೆಗಳನ್ನು ಬಿಟ್ಟು ತೀರಾ ದೂರ ಹೋದರೆ ಗಾಡಿಯ ಮೂಲ ರೂಪ ಬದಲಿಸಬಾರದೆನ್ನುವ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಉಂಟು, ವಿಮೆಯವರ ಪ್ರಶ್ನೆಯೂ ಉಂಟು. ಅಲ್ಲಿ ನನ್ನ ಹೆಸರು ಹೇಳಬೇಡಿ.

ಇನ್ನು ಭಾರ. ಕಾರಿನವರು ಇದನ್ನು ಹಾರಿಸಿದರೂ ನಡೆಯುತ್ತದೆ, ಪಿಕಪ್ಪಿನವರಿಗೆ ನಡೆಯುವುದಿಲ್ಲ. ಶನಿವಾರ ಮಣಿಪಾಲದಲ್ಲಿ ಸುತ್ತುವ ಗಾಡಿಯೇ ಸೋಮವಾರ ಮನೆಯ ಕಂಪೌಂಡಿಗೆ ಕೆಂಪುಕಲ್ಲು ಹೊರುತ್ತದೆ. ಆರ್‌ಸಿಯಲ್ಲೋ ಗಾಡಿಯ ಪ್ಲೇಟಿನಲ್ಲೋ ಹಿಂದಿನ ಆಕ್ಸಲ್ ಎಷ್ಟು ಹೊರಬಹುದು ಅಂತ ಇರುತ್ತದೆ. 1,900 ಕೆಜಿ ಅಂತಿದ್ದರೆ ಒಂದು ವೀಲಿಗೆ 950. ಅದರ ಮೇಲೆ ತಡೆಯುವ ವೀಲೂ ಬೇಕು, ಟಯರೂ ಬೇಕು. ಟಯರಿನ ಬದಿಯಲ್ಲಿ ಅಳತೆಯ ನಂತರ ಇರುವ ಸಂಖ್ಯೆ ನೋಡಿ. 104 ಅಂದರೆ 900 ಕೆಜಿ, ಸಾಲದು. 108 ಅಂದರೆ 1,000, ಆದೀತು. ಅಲಾಯ್‌ನ ಬೆನ್ನಲ್ಲಿ ಜೆಡಬ್ಲ್ಯುಎಲ್ ಅಂತ ಜಪಾನಿನ ಗುರುತು ಇದ್ದರೆ ಅದು ಕಾರುಗಳ ಪರೀಕ್ಷೆ. ಕೊನೆಗೆ ಟಿ ಸೇರಿದ್ದರೆ ಲೋಡು ಹೊರುವ ಗಾಡಿಗಳದ್ದು. ಒಂದೇ ಅಕ್ಷರ, ಆದರೆ ಹಿಂದೆ ಕಲ್ಲು ಇರುವಾಗ ಹೊಂಡಕ್ಕೆ ಬಿದ್ದ ವೀಲಿನಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಮಲ್ಪೆಯಿಂದ ಮೀನು ಹೊರುವವರು ನನ್ನನ್ನು ಇದೆಲ್ಲ ಕೇಳುವುದಿಲ್ಲ. ಅವರದ್ದು ಕಬ್ಬಿಣದ ಡಿಸ್ಕು, ಅಂದರೆ ಮಾಮೂಲಿ ಕಬ್ಬಿಣದ ವೀಲು. ಕರಗಿದ ಐಸಿನ ಉಪ್ಪುನೀರು ಸುರಿದು ಸುರಿದು ಟಯರು ಕೂರುವ ಅಂಚಿನಲ್ಲೇ ತುಕ್ಕು ಹಿಡಿದಿರುತ್ತದೆ. ಪಂಚರ್ ಇಲ್ಲ, ಬೆಳಿಗ್ಗೆ ನೋಡಿದರೆ ಗಾಳಿ ಇಲ್ಲ. ತಂತಿ ಬ್ರಶ್ಶಿನಲ್ಲಿ ಉಜ್ಜಿ ಪೇಂಟ್ ಹೊಡೆದರೆ ಕೆಲವು ಕಾಲ ಬರುತ್ತದೆ. ನಟ್ಟಿನ ತೂತು ಮೊಟ್ಟೆಯಾಕಾರ ಆಗಿದ್ದರೆ ಸೀದಾ ಗುಜರಿಗೆ. ಅದೇ ಗುಜರಿಯಿಂದ ಅಂಥದ್ದೇ ಇನ್ನೊಂದು ತರುವವರೂ ಇದ್ದಾರೆ. ತರುವುದಾದರೆ ಹಾಕಿ ತಿರುಗಿಸಿ, ಓಲಾಡುತ್ತದಾ ನೋಡಿ ತನ್ನಿ.

ಇಷ್ಟು ಜನ ಕೇಳುತ್ತಾರಲ್ಲ, ಒಬ್ಬರಾದರೂ ಕೇಳಲಿ ಅಂತ ನಾನು ಕಾದು ಕೂತ ಪ್ರಶ್ನೆ ಬೇರೆ. "ಅಣ್ಣಾ, ಸ್ಟೆಪ್ನಿ ಎಂತ ಮಾಡುವುದು?"

ಎಲ್ಲರೂ ನಾಲ್ಕು ವೀಲು ತೆಗೆದುಕೊಳ್ಳುತ್ತಾರೆ. ಐದನೆಯದು ಹಳೆಯ ಕಬ್ಬಿಣದ್ದು, ಕೆಳಗೆ ನೇತಾಡುತ್ತಿರುತ್ತದೆ. ಈಗ ಶಿರಾಡಿ ಘಾಟಿಯಲ್ಲಿ, ಗುಂಡ್ಯ ದಾಟಿ, ರಾತ್ರಿ, ಮಳೆಯಲ್ಲಿ ಟಯರು ಒಡೆಯಿತು ಅಂತಿಟ್ಟುಕೊಳ್ಳಿ. ಜಾಕಿ ಇಟ್ಟಿರಿ, ಅಲಾಯ್ ಇಳಿಸಿದಿರಿ. ಕೈಯಲ್ಲಿರುವುದು ವಾಷರ್ ಇರುವ ಉದ್ದ ನಟ್ಟು. ಕಬ್ಬಿಣದ ಡಿಸ್ಕಿಗೆ ಬೇಕಾದದ್ದು ಓರೆ ಮೂತಿಯದ್ದು. ಅದು ಎಲ್ಲಿದೆ? ವೀಲು ಹಾಕಿಸಿದ ದಿನ ಅಂಗಡಿಯಲ್ಲೇ ಬಿಟ್ಟು ಬಂದಿದ್ದೀರಿ. ಹಳೆಯ ನಟ್ಟು ಆರು ಚೀಲದಲ್ಲಿ ಕಟ್ಟಿ ಗಾಡಿಯಲ್ಲೇ ಇಡಿ ಅಂತ ನಾನು ಹೇಳುವಾಗ ಎಲ್ಲರೂ ಸೆಲ್ಫಿ ತೆಗೆಯುತ್ತಿರುತ್ತಾರೆ.

ನಟ್ಟು ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಸ್ಟೆಪ್ನಿಯ ಎತ್ತರ ಉಳಿದ ಮೂರಕ್ಕಿಂತ ಕಮ್ಮಿ. ಅದನ್ನು ಹಿಂದಿನ ಆಕ್ಸಲ್‌ಗೆ ಹಾಕಿದರೆ ತಿರುವಿನಲ್ಲಿ ಎರಡು ವೀಲಿಗೂ ಬೇರೆ ಬೇರೆ ವೇಗ ಕೊಡುವ ಡಿಫರೆನ್ಷಿಯಲ್ ಗಿಯರು ಸೀದಾ ರಸ್ತೆಯಲ್ಲೂ ಸುಮ್ನೆ ತಿರುಗುತ್ತಾ ಇರುತ್ತದೆ. ಆದಷ್ಟು ಮುಂದೆ ಹಾಕಿ, ಮೆಲ್ಲ ಓಡಿಸಿ. ಆಗ ಗಾಡಿಯನ್ನು ಫೋರ್ ವೀಲ್ ಡ್ರೈವಿಗಂತೂ ಹಾಕಲೇಬೇಡಿ. ಹಾಗಾದರೆ ಐದನೆಯದೂ ಹೊಸತೇ ತೆಗೆದುಕೊಳ್ಳೋಣ ಅಂದರೆ, ದಪ್ಪ ಟಯರು ಟ್ರೇಯ ಕೆಳಗಿನ ಜಾಗಕ್ಕೆ ಹೋಗುತ್ತದಾ ಅಂತ ಮೊದಲು ಅಳೆಯಬೇಕು. ಎಷ್ಟೋ ಸಲ ಹೋಗುವುದಿಲ್ಲ.

ಅದಕ್ಕಿಂತ ಮೊದಲು ಸ್ಟೆಪ್ನಿ ಇಳಿಯಬೇಕಲ್ಲ. ಈ ಗಾಡಿಗಳಲ್ಲಿ ಅದು ಟ್ರೇಯ ಅಡಿಯಲ್ಲಿ ಸರಪಳಿಯಲ್ಲಿ ತೂಗುತ್ತದೆ. ಹಿಂದಿನಿಂದ ರಾಡು ತೂರಿಸಿ ತಿರುಗಿಸಿದರೆ ಇಳಿಯಬೇಕು. ನಮ್ಮ ಕರಾವಳಿಯ ಉಪ್ಪುಗಾಳಿಗೆ, ಕೆಸರಿಗೆ, ಆ ಗಿಯರು ಕಚ್ಚಿಕೊಂಡು ಕಲ್ಲಾಗಿರುತ್ತದೆ. ರಾಡು ಬಗ್ಗುತ್ತದೆ, ಸರಪಳಿ ಅಲ್ಲಾಡುವುದಿಲ್ಲ. ಹೊಸ ಅಲಾಯ್‌ಗೆ ಅಷ್ಟು ದುಡ್ಡು ಸುರಿದವರ ಗಾಡಿಯಲ್ಲಿ ನಾನು ಅದನ್ನು ಗ್ರೈಂಡರ್ ಹಿಡಿದು ಕೊಯ್ದು ಇಳಿಸಿದ್ದೇನೆ. ಒಳಗೆ ಗಾಳಿ ಮೊದಲೇ ಇರಲಿಲ್ಲ.

ಇವತ್ತು ಸಂಜೆ ಮನೆಗೆ ಹೋಗಿ ಒಮ್ಮೆ ಇಳಿಸಿ ನೋಡಿ. ಇಳಿದರೆ ಸರಪಳಿಗೆ, ಗಿಯರಿಗೆ ಗ್ರೀಸ್ ಹಾಕಿ, ಗಾಳಿ ತುಂಬಿಸಿ, ಪುನಃ ಏರಿಸಿ. ಇಳಿಯದಿದ್ದರೆ ಮೇ ತಿಂಗಳೊಳಗೆ ಗಾಡಿ ತನ್ನಿ. ಜೂನ್ ಶುರುವಾದರೆ ವೈಪರ್, ಬ್ರೇಕ್, ಟಯರು ಅಂತ ಎಲ್ಲರೂ ಒಟ್ಟಿಗೇ ಬರುತ್ತಾರೆ, ಆಗ ಕಾಯಬೇಕಾಗುತ್ತದೆ.