ಪ್ರೊಟೀನ್ ಮಡಚಿಕೊಳ್ಳುವುದು ನೀರಿನ ದೆಸೆಯಿಂದ

ಪ್ರೊಟೀನ್ ಪಾಠ ಯಾವಾಗಲೂ ನಾಲ್ಕು ಹಂತದ ರಚನೆಯಿಂದಲೇ ಶುರುವಾಗುತ್ತದೆ. ಪ್ರಾಥಮಿಕ, ದ್ವಿತೀಯ, ಹೀಗೆ. ಬಾಯಿಪಾಠಕ್ಕೆ ಸರಿ, ಆದರೆ ಅಮೈನೋ ಆಮ್ಲಗಳ ಅಷ್ಟುದ್ದದ ಸರಪಳಿ ಯಾಕಾದರೂ ಮಡಚಿಕೊಳ್ಳಬೇಕು ಅನ್ನೋದು ಅದರಲ್ಲಿ ಕಳೆದೇ ಹೋಗುತ್ತದೆ.

ಅಮೈನೋ ಆಮ್ಲದ ನಡುವೆ ಒಂದು ಕಾರ್ಬನ್. ಅದಕ್ಕೆ ಅಮೈನೋ ಗುಂಪು, ಕಾರ್ಬಾಕ್ಸಿಲ್ ಗುಂಪು, ಒಂದು ಹೈಡ್ರೋಜನ್, ಜೊತೆಗೆ ಆರ್ ಗುಂಪು, ಅಂದರೆ ಒಂದೊಂದು ಅಮೈನೋ ಆಮ್ಲದಲ್ಲಿ ಒಂದೊಂದು ಥರ ಇರುವ ಭಾಗ. ಸಾಮಾನ್ಯವಾಗಿ ಸಿಗುವ 20 ಅಮೈನೋ ಆಮ್ಲಗಳಿಗೂ ಚೌಕಟ್ಟು ಇದೇ (ಪ್ರೋಲೀನ್ ಮಾತ್ರ ಸ್ವಲ್ಪ ತರಲೆ, ಅದರ ಆರ್ ಗುಂಪು ಸುತ್ತಿ ಬಂದು ತನ್ನದೇ ನೈಟ್ರೋಜನ್‌ಗೆ ಅಂಟಿಕೊಂಡಿರುತ್ತದೆ). ಒಂದರ ಕಾರ್ಬಾಕ್ಸಿಲ್ ಮುಂದಿನದರ ಅಮೈನೋ ಗುಂಪಿಗೆ ಸೇರುವಾಗ ನೀರಿನ ಒಂದು ಅಣು ಹೊರಬೀಳುತ್ತದೆ, ಅದೇ ಪೆಪ್ಟೈಡ್ ಬಂಧ. ಈ ಬಂಧ ಚಪ್ಪಟೆ, ಸುಲಭಕ್ಕೆ ತಿರುಗುವುದಿಲ್ಲ. ತಿರುಗಾಟವೆಲ್ಲ ನಡುವಿನ ಕಾರ್ಬನ್ನಿನ ಆಚೀಚೆ ಇರುವ ಎರಡು ಬಂಧಗಳಲ್ಲಿ. ಆ ಎರಡು ಕೋನಗಳ ಯಾವ ಜೋಡಿ ನಡೆಯುತ್ತದೆ, ಯಾವುದರಲ್ಲಿ ಪರಮಾಣುಗಳು ಒಂದಕ್ಕೊಂದು ಗುದ್ದುತ್ತವೆ ಅನ್ನೋದನ್ನು ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಒಂದೇ ನಕ್ಷೆಯಲ್ಲಿ ತೋರಿಸಿದರು. ಹೊಸ ಪ್ರೊಟೀನ್ ರಚನೆ ಸರಿಯಿದೆಯಾ ಅಂತ ನೋಡೋಕೆ ಇವತ್ತಿಗೂ ಅದು ಬೇಕು.

ಈಗ ನೀರು. ವ್ಯಾಲೀನ್, ಲ್ಯೂಸೀನ್ ಇವುಗಳ ಆರ್ ಗುಂಪು ಎಣ್ಣೆಯ ಜಾತಿ, ನೀರಿಗೂ ಅವಕ್ಕೂ ಆಗಿಬರುವುದಿಲ್ಲ. ಲೈಸೀನ್, ಗ್ಲುಟಾಮಿಕ್ ಆಮ್ಲ ವಿದ್ಯುದಾವೇಶ ಇರುವವು, ನೀರಿನ ಜೊತೆ ಹಾಯಾಗಿರುತ್ತವೆ. ಹಾಗಾಗಿ ಸರಪಳಿ ಮಡಚಿಕೊಂಡು ಎಣ್ಣೆ ಜಾತಿಯವು ಜಾಸ್ತಿ ಒಳಗೆ ಸೇರಿಕೊಳ್ಳುತ್ತವೆ, ಆವೇಶದವು ಹೊರಗೆ ಉಳಿಯುತ್ತವೆ. ಆದರೆ ಒಳಗೆ ಹೋಗುವಾಗ ಸರಪಳಿಯ ಬೆನ್ನೆಲುಬೂ (ಆರ್ ಗುಂಪು ಬಿಟ್ಟು ಉಳಿದದ್ದು) ಜೊತೆಗೇ ಹೋಗಬೇಕಲ್ವಾ? ಅದರ ಆಕ್ಸಿಜನ್‌ಗೆ, ನೈಟ್ರೋಜನ್ ಮೇಲಿನ ಹೈಡ್ರೋಜನ್‌ಗೆ ಅಲ್ಲಿ ಜೊತೆಗೆ ನೀರು ಸಿಗುವುದಿಲ್ಲ, ಆಗ ಅವು ತಮ್ಮತಮ್ಮಲ್ಲೇ ಹೈಡ್ರೋಜನ್ ಬಂಧ ಕಟ್ಟಿಕೊಳ್ಳುತ್ತವೆ. ಸುತ್ತಿಗೆ 3.6 ಅಮೈನೋ ಆಮ್ಲ ಇರುವ ಆಲ್ಫಾ ಸುರುಳಿ, ಬೀಟಾ ಹಾಳೆ, ಎರಡೂ ಹೀಗೆ ಜೋಡಿ ಹೊಂದಿಸಿಕೊಳ್ಳುವ ದಾರಿಗಳು.

ಮಡಿಕೆಗೆ ಬೇಕಾದ ಮಾಹಿತಿ ಸರಪಳಿಯಲ್ಲೇ ಇದೆ ಅಂತ ತೋರಿಸಿದ್ದು ಕ್ರಿಶ್ಚಿಯನ್ ಆನ್‌ಫಿನ್ಸನ್. 124 ಅಮೈನೋ ಆಮ್ಲಗಳ ರೈಬೋನ್ಯೂಕ್ಲಿಯೇಸ್ ಅನ್ನೋ ಕಿಣ್ವವನ್ನು ಯೂರಿಯಾ ಹಾಕಿ, ಡೈಸಲ್ಫೈಡ್ ಬಂಧ (ಎರಡು ಗಂಧಕ ಪರಮಾಣುಗಳ ನಡುವಿನ ಕೊಂಡಿ) ಮುರಿದು ಪೂರ್ತಿ ಬಿಚ್ಚಿದರೂ, ಯೂರಿಯಾ ತೆಗೆದು ಆಕ್ಸಿಜನ್ ತಾಕಿಸಿದರೆ ಅದು ತಾನಾಗಿ ಮಡಚಿಕೊಂಡು ಮತ್ತೆ ಕೆಲಸ ಶುರು ಮಾಡಿತು. 1972ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿದ್ದು ಇದಕ್ಕೇ.

ಎಣ್ಣೆ ಜಾತಿಯದು ಹೊರಗೆ ಕೂತರೆ ಏನಾಗುತ್ತದೆ ಅನ್ನೋದಕ್ಕೆ ಕುಡಗೋಲು ಕಣ ರೋಗ (ಸಿಕಲ್ ಸೆಲ್) ಇದೆ. ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳು. 6ನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಹೋಗಿ ವ್ಯಾಲೀನ್ ಬಂದಿರುತ್ತದೆ, ಬದಲಾವಣೆ ಅಷ್ಟೇ. ಆಕ್ಸಿಜನ್ ಬಿಟ್ಟುಕೊಟ್ಟ ಮೇಲೆ ಆ ವ್ಯಾಲೀನ್ ಪಕ್ಕದ ಹಿಮೋಗ್ಲೋಬಿನ್ನಿನ ಒಂದು ಸಂದಿಗೆ ಹೋಗಿ ಕೂರುತ್ತದೆ, ಅದು ಇನ್ನೊಂದಕ್ಕೆ, ಹೀಗೆ ಉದ್ದುದ್ದ ನಾರು ಬೆಳೆದು ಕೆಂಪು ರಕ್ತಕಣದ ಆಕಾರವನ್ನೇ ಕೆಡಿಸುತ್ತದೆ.